ತೆರೆಗೆ ಬಂದ ತಾರಾಮತಿ

ಭಾರತೀಯ ಚಲನಚಿತ್ರದ ಚರಿತ್ರೆಯನ್ನು ಹೇಳಹೊರಟವರು ಸಾಮಾನ್ಯವಾಗಿ 1913ರ ‘ರಾಜಾ ಹರಿಶ್ಚಂದ್ರ’ದಿಂದ ಮೊದಲುಮಾಡುತ್ತಾರೆ. ನಾನೂ ಅಲ್ಲಿಂದಲೇ ತೊಡಗುತ್ತೇನೆ. ಆದರೆ ಆ ಚಿತ್ರದ ಹಿರಿಮೆಯನ್ನು ಬಣ್ಣಿಸುವುದಕ್ಕಲ್ಲ, ಅದರಲ್ಲಿದ್ದ ಒಂದು ಕೊರತೆಯನ್ನು ನೆನಪಿಸುವುದಕ್ಕೆ. ನಮ್ಮ ರಾಘವಾಂಕ ಚಂದ್ರಮತಿಯೆಂದು ಕರೆದ ರಾಣಿಯನ್ನು ಮರಾಠಿಗರು ತಾರಾಮತಿ ಎನ್ನುತ್ತಾರೆ. ಆ ಪಾತ್ರಕ್ಕೆ ಹೆಣ್ಣೊಬ್ಬಳನ್ನು ಹುಡುಕಿ ದಣಿದ ದಾದಾಸಾಹೇಬ ಫಾಲ್ಕೆಯವರು ಕೊನೆಗೆ ಉಪಾಹಾರಗೃಹವೊಂದರಲ್ಲಿ ಅಡುಗೆಯ ಕೆಲಸಕ್ಕಿದ್ದ ಅಣ್ಣಾ ಸಾಳುಂಕೆ ಎಂಬ ಯುವಕನಿಗೆ ಸೀರೆ ಉಡಿಸಿದರು. ಅದೇ ವರ್ಷ ಅವರ ‘ಮೋಹಿನಿ ಭಸ್ಮಾಸುರ’ದಲ್ಲಿ ದುರ್ಗಾಬಾಯಿ ಕಾಮತ್ ಮತ್ತು ಅವರ ಮಗಳು ಕಮಲಾಬಾಯಿ ನಟಿಸಿ ದಾರಿ ತೆರೆದರು, ನಿಜ. ಆದರೂ ಕ್ಯಾಮೆರಾದ ಮುಂದೆ ನಿಲ್ಲುವುದು ಮರ್ಯಾದಸ್ಥ ಮನೆತನದ ಹೆಣ್ಣಿಗೆ ತಕ್ಕುದಲ್ಲ ಎಂಬ ನಂಬಿಕೆ ಸುಲಭವಾಗಿ ಅಳಿಯಲಿಲ್ಲ.

ಹತ್ತೊಂಬತ್ತು ವರ್ಷಗಳ ಬಳಿಕ, 1932ರಲ್ಲಿ, ಅದೇ ಕಥೆ ಮಾತು ಕಲಿತು ಮತ್ತೆ ತೆರೆಗೆ ಬಂದಿತು. ಕೊಲ್ಲಾಪುರದ ಪ್ರಭಾತ್ ಫಿಲ್ಮ್ ಕಂಪನಿಗಾಗಿ ವಿ. ಶಾಂತಾರಾಮ್ ನಿರ್ದೇಶಿಸಿದ ‘ಅಯೋಧ್ಯೇಚಾ ರಾಜಾ’ ಮರಾಠಿಯ ಮೊದಲ ವಾಕ್ಚಿತ್ರ. ಅದನ್ನು ಹಿಂದಿಯಲ್ಲಿಯೂ ತೆಗೆದರು. ಈ ಬಾರಿ ತಾರಾಮತಿಯಾದವರು ದುರ್ಗಾ ಖೋಟೆ. 1905ರಲ್ಲಿ ಜನಿಸಿ, ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಓದಿದ, ಇಬ್ಬರು ಮಕ್ಕಳ ತಾಯಿ. ಇನ್ನೆರಡೇ ವರ್ಷಗಳಲ್ಲಿ ಕನ್ನಡದ ಪ್ರಥಮ ವಾಕ್ಚಿತ್ರ ‘ಸತಿ ಸುಲೋಚನಾ’ ತಯಾರಾದದ್ದೂ ಅದೇ ಕೊಲ್ಲಾಪುರದಲ್ಲಿ ಎಂಬುದನ್ನು ಇಲ್ಲಿ ನೆನೆಯಬಹುದು.

ದುರ್ಗಾಬಾಯಿಯವರು ಕಲೆಯ ಹಂಬಲದಿಂದ ಈ ರಂಗಕ್ಕೆ ಬಂದವರಲ್ಲ. ಅವರನ್ನು ಕರೆತಂದುದು ಸಂಸಾರದ ಅಗತ್ಯ. 1931ರ ‘ಫರೇಬಿ ಜಾಲ್’ ಚಿತ್ರದಲ್ಲಿ ಅವರು ಮೊದಲು ಮಾಡಿದ್ದು ಚಿಕ್ಕದೊಂದು ಪಾತ್ರ. ಅಷ್ಟಕ್ಕೇ ಸಾಕಷ್ಟು ನಿಂದೆ ಕೇಳಬೇಕಾಯಿತು. ಹೊಟ್ಟೆಪಾಡಿಗಾಗಿ ದುಡಿಯುವ ಗಂಡಸನ್ನು ಮೆಚ್ಚುವ ಸಮಾಜ, ಅದೇ ಕಾರಣಕ್ಕೆ ಬಣ್ಣ ಹಚ್ಚಿದ ಹೆಣ್ಣಿನ ಶೀಲವನ್ನು ಪ್ರಶ್ನಿಸುತ್ತದೆ. ಗಂಡನ ಸತ್ಯಕ್ಕಾಗಿ ಪರರ ಮನೆಯಲ್ಲಿ ದುಡಿದ ರಾಣಿಯ ಕಥೆಗೆ ಕಣ್ಣೀರಿಟ್ಟ ಜನವೂ ಇದೇ ಎಂಬುದು ನನಗೆ ಸೋಜಿಗವಾಗಿ ತೋರುತ್ತದೆ.

ನಿಂದೆಗೆ ಅವರು ಕೊಟ್ಟ ಉತ್ತರ ಕೆಲಸ. ಒಂದೇ ಸಂಸ್ಥೆಯ ಸಂಬಳಕ್ಕೆ ಕಟ್ಟುಬಿದ್ದಿರುವುದು ನಟನಟಿಯರ ಪದ್ಧತಿಯಾಗಿದ್ದ ಕಾಲದಲ್ಲಿ ಅವರು ಪ್ರಭಾತ್‌ನಲ್ಲಿಯೂ ನಟಿಸಿದರು. ಕಲಕತ್ತೆಗೆ ಹೋಗಿ ನ್ಯೂ ಥಿಯೇಟರ್ಸ್‌ನ ‘ರಾಜರಾನಿ ಮೀರಾ’ದಲ್ಲಿಯೂ ಅಭಿನಯಿಸಿದರು. ಶಾಂತಾರಾಮರ ‘ಅಮರ್ ಜ್ಯೋತಿ’ಯಲ್ಲಿ (1936) ಅವರು ಸ್ತ್ರೀಯರ ದಾಸ್ಯದ ವಿರುದ್ಧ ಸಿಡಿದೆದ್ದ ಕಡಲುಗಳ್ಳರ ನಾಯಕಿ ಸೌದಾಮಿನಿ. ಮರುವರ್ಷ ‘ಸಾಥಿ’ ಚಿತ್ರವನ್ನು ತಾವೇ ನಿರ್ಮಿಸಿ ನಿರ್ದೇಶಿಸಿದರು. ಹೆಣ್ಣು ನಟಿಸುವುದೇ ಚರ್ಚೆಯ ವಿಷಯವಾಗಿದ್ದಾಗ ನಿರ್ದೇಶಕಿಯ ಸ್ಥಾನದಲ್ಲಿ ನಿಲ್ಲುವುದು ಸಣ್ಣ ಮಾತಲ್ಲ.

ಆದರೆ ಕಾಲ ಕಳೆದಂತೆ ಚಿತ್ರರಂಗ ಅವರಿಗೆ ಮೀಸಲಿಟ್ಟ ಜಾಗ ಕಿರಿದಾಯಿತು. 1942ರ ‘ಭರತ್ ಮಿಲಾಪ್’ನಲ್ಲಿ ಕೈಕೇಯಿಯಾದವರು ಮುಂದೆ ಹೆಚ್ಚಾಗಿ ತಾಯಿಯಾದರು, ಅಜ್ಜಿಯಾದರು. ಕತ್ತಿ ಹಿಡಿದಿದ್ದ ಸೌದಾಮಿನಿಗೆ ಕೊನೆಗೆ ಉಳಿದದ್ದು ಸೆರಗಿನಿಂದ ಕಣ್ಣೊರಸಿಕೊಳ್ಳುವ ಕೆಲಸವೇ ಎಂದು ಯಾರಾದರೂ ಕೇಳಬಹುದು. ಈ ಆಕ್ಷೇಪಣೆಯಲ್ಲಿ ಸತ್ಯವಿದೆ. ಆದರೂ ‘ಮುಘಲ್-ಎ-ಆಜಮ್’ (1960) ನೋಡಿದವರು ಅವರ ಜೋಧಾಬಾಯಿಯನ್ನು ಮರೆಯಲಾರರು. ಒಂದು ಕಡೆ ಚಕ್ರವರ್ತಿಯಾದ ಗಂಡ, ಇನ್ನೊಂದು ಕಡೆ ದಂಗೆಯೆದ್ದ ಮಗ. ನಡುವೆ ಈ ರಾಣಿ. ಪೃಥ್ವೀರಾಜ್ ಕಪೂರರ ಗುಡುಗಿನ ಎದುರು ಅವರ ಸಂಯಮ ಕಿರಿದಾಗಿ ಕಾಣುವುದಿಲ್ಲ. ಕೊಟ್ಟ ಜಾಗ ಕಿರಿದಾದರೂ ಪಾತ್ರವನ್ನು ಕುಗ್ಗಗೊಡದ ಶಕ್ತಿ ಅವರದು. ‘ಬಿದಾಯಿ’ (1974) ಚಿತ್ರದ ತಾಯಿಗಾಗಿ ಅವರಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂದಿತು.

ಪಾತ್ರಗಳು ತಮ್ಮನ್ನು ಹುಡುಕಿ ಬರಲೆಂದು ಅವರು ಕಾದು ಕುಳಿತಿರಲೂ ಇಲ್ಲ. ಸ್ವಂತ ಸಂಸ್ಥೆ ಕಟ್ಟಿ ಸಾಕ್ಷ್ಯಚಿತ್ರಗಳನ್ನೂ ಜಾಹೀರಾತಿನ ಚಿತ್ರಗಳನ್ನೂ ತಯಾರಿಸಿದರು. ದೂರದರ್ಶನ ಮನೆಮನೆಗೆ ಬಂದಾಗ ಆ ಸಂಸ್ಥೆ ಅದಕ್ಕೂ ಸಿದ್ಧವಾಗಿತ್ತು. 1988ರಲ್ಲಿ ಆರಂಭವಾದ ‘ವಾಗ್ಲೆ ಕಿ ದುನಿಯಾ’ ಅವರ ಸಂಸ್ಥೆಯದೇ ನಿರ್ಮಾಣ. ಮೈಸೂರಿನಲ್ಲಿ ಹುಟ್ಟಿ ಬೆಳೆದ ಆರ್. ಕೆ. ಲಕ್ಷ್ಮಣರ ಕಲ್ಪನೆಯ ಸಾಮಾನ್ಯ ಗುಮಾಸ್ತನ ಸಂಸಾರವನ್ನು ಕುಂದನ್ ಶಾ ನಿರ್ದೇಶಿಸಿದರು. ಪುರಾಣದ ರಾಣಿಯಿಂದ ಹೊರಟ ಪಯಣ ತಿಂಗಳ ಕೊನೆಯಲ್ಲಿ ಕೈ ಬಿಗಿಹಿಡಿಯುವ ಮಧ್ಯಮವರ್ಗದ ಮನೆಯನ್ನು ತಲುಪಿತು.

1968ರಲ್ಲಿ ಪದ್ಮಶ್ರೀ, 1983ರ ಸಾಲಿನಲ್ಲಿ ದಾದಾಸಾಹೇಬ ಫಾಲ್ಕೆ ಪ್ರಶಸ್ತಿ. ಪ್ರಶಸ್ತಿಗಳ ಪಟ್ಟಿ ಓದುವುದು ನನ್ನ ಉದ್ದೇಶವಲ್ಲ. ಆದರೆ ಎರಡನೆಯದರ ಹೆಸರಿನಲ್ಲಿ ಒಂದು ಸ್ವಾರಸ್ಯವಿದೆ. ತಾರಾಮತಿಗೆ ಹೆಣ್ಣು ಸಿಗಲಿಲ್ಲವೆಂದು ಕೈಚೆಲ್ಲಿದವರ ಹೆಸರಿನ ಗೌರವ, ಆ ತಾರಾಮತಿಯನ್ನೇ ತಮ್ಮದಾಗಿಸಿಕೊಂಡ ಹೆಣ್ಣಿಗೆ ಸಂದಿತು. ಮರಾಠಿಯಲ್ಲಿ ಆತ್ಮಕಥೆಯನ್ನೂ ಬರೆದಿಟ್ಟು ದುರ್ಗಾಬಾಯಿಯವರು 1991ರಲ್ಲಿ ತೀರಿಕೊಂಡರು.

‘ಅಯೋಧ್ಯೇಚಾ ರಾಜಾ’ ಅದೃಷ್ಟವಶಾತ್ ಉಳಿದುಬಂದಿದೆ. ನೋಡುವ ಅವಕಾಶ ದೊರೆತವರು ಕಣ್ಣಿನೊಡನೆ ಕಿವಿಯನ್ನೂ ತೆರೆದಿಡಬೇಕೆಂದು ನನ್ನ ಬಿನ್ನಹ. ಹಿನ್ನೆಲೆಗಾಯನ ಇನ್ನೂ ರೂಢಿಗೆ ಬಾರದಿದ್ದ ದಿನಗಳವು. ಅಲ್ಲಿ ಹಾಡುವ ತಾರಾಮತಿಯ ದನಿ ಎರವಲು ತಂದುದಲ್ಲ, ಅದು ದುರ್ಗಾಬಾಯಿಯವರದೇ.