ಛತ್ರಿ, ವೈರು, ನೆಟ್ಟು: ನಮ್ಮ ನಾಲ್ಕು ತಾಲ್ಲೂಕುಗಳ ಟಿವಿ ಕಥೆ

"ಕೇಬಲ್ ತಗಸೀವ್ರಿ, ನೆಟ್ ಹಾಕ್ಸೀವಿ." ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಪೇಟೆಗಳಲ್ಲಿ ಈಗ ಸಾಮಾನ್ಯವಾಗಿ ಕೇಳಿಬರುವ ಮಾತಿದು. ಹಳ್ಳಿಗಳಲ್ಲಂತೂ ನೆಟ್ ಹಾಕಿಸುವ ಗೋಜೂ ಇಲ್ಲ, ಮೊಬೈಲ್ ರಿಚಾರ್ಜ್ ಮಾಡಿಸಿದರೆ ಧಾರಾವಾಹಿ, ಸಿನಿಮಾ, ಕ್ರಿಕೆಟ್ ಎಲ್ಲವೂ ಅಂಗೈಗೆ ಬರುತ್ತವೆ. ಹೊಸದನ್ನು ನಾವು ಯಾವಾಗಲೂ ಕೊನೆಗೆ ನೋಡುವವರು ಎಂಬ ಮಾತು ನಮ್ಮ ಭಾಗದಲ್ಲಿ ರೂಢಿಯಾಗಿದೆ. ಟಿವಿಯ ಮಟ್ಟಿಗೆ ಈ ಮಾತು ಸುಳ್ಳು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರ ನವೆಂಬರ್ 1ರಂದು. ಆಗಿನ ಬಿಜಾಪುರ ಜಿಲ್ಲೆಯ ಹಳ್ಳಿಗಳಿಗೆ ಅದಕ್ಕಿಂತ ಆರು ವರ್ಷ ಮೊದಲೇ ಟಿವಿ ಬಂದಿತ್ತು, ಅದೂ ನೇರವಾಗಿ ಉಪಗ್ರಹದಿಂದ.

ಅದರ ಹೆಸರು 'ಸೈಟ್'. ಉಪಗ್ರಹದ ಮೂಲಕ ಶಿಕ್ಷಣ ನೀಡುವ ಟಿವಿ ಪ್ರಯೋಗ. ಇದಕ್ಕಾಗಿ 1969ರಲ್ಲಿ ಭಾರತ ಮತ್ತು ಅಮೆರಿಕದ ನಾಸಾ ನಡುವೆ ಒಪ್ಪಂದವಾಗಿತ್ತು. ಕನಸು ಕಂಡ ವಿಕ್ರಮ್ ಸಾರಾಭಾಯಿ 1971ರಲ್ಲೇ ತೀರಿಕೊಂಡರು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಸರಿಯಾಗಿ ಒಂದು ವರ್ಷ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಎಟಿಎಸ್-6 ಉಪಗ್ರಹದಿಂದ ಕಾರ್ಯಕ್ರಮಗಳು ಇಳಿದವು. ಕರ್ನಾಟಕದಲ್ಲಿ ಆಯ್ಕೆಯಾದವು ಗುಲಬರ್ಗಾ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳು. ಹಿಂದುಳಿದವರು ಎಂಬ ಹಣೆಪಟ್ಟಿ ಆ ಒಂದು ಸಲ ನಮ್ಮನ್ನು ಸರದಿಯ ಮುಂದಕ್ಕೆ ತಂದಿತ್ತು.

ಶಾಲೆ, ಪಂಚಾಯತಿಯಂಥ ಸಾರ್ವಜನಿಕ ಕಟ್ಟಡದಲ್ಲಿ ಟಿವಿ ಪೆಟ್ಟಿಗೆ, ಹೊರಗೆ ಕೋಳಿಗೂಡಿಗೆ ಬಳಸುವಂಥ ತಂತಿಬಲೆಯಿಂದ ಮಾಡಿದ ಹತ್ತು ಅಡಿ ಅಗಲದ ಛತ್ರಿ. ಪೆಟ್ಟಿಗೆಗಳನ್ನು ತಯಾರಿಸಿದ್ದು ಹೈದರಾಬಾದಿನ ಇಸಿಐಎಲ್. ಬೆಳಿಗ್ಗೆ ಒಂದೂವರೆ ತಾಸು ಶಾಲಾ ಮಕ್ಕಳಿಗೆ ಮೀಸಲು. ಸಂಜೆ ಎರಡೂವರೆ ತಾಸಿನಲ್ಲಿ ಒಕ್ಕಲುತನ, ಆರೋಗ್ಯ, ಕುಟುಂಬ ಯೋಜನೆ, ಹಾಡು-ನಾಟಕ. ಆ ಹೊತ್ತನ್ನೂ ಭಾಷಾವಾರು ಹಂಚಿಕೊಳ್ಳಬೇಕಿತ್ತು. ಉಪಗ್ರಹಕ್ಕೆ ಒಂದೇ ಚಿತ್ರದ ಜೊತೆ ಎರಡು ಧ್ವನಿ ಕಳಿಸುವ ಶಕ್ತಿ ಇದ್ದುದರಿಂದ ಅದೇ ಚಿತ್ರಕ್ಕೆ ಆಂಧ್ರದ ಹಳ್ಳಿಯಲ್ಲಿ ತೆಲುಗು, ನಮ್ಮಲ್ಲಿ ಕನ್ನಡ ಕೇಳಿಸಬಹುದಾಗಿತ್ತು. ಆ ಕನ್ನಡ ತಯಾರಾಗುತ್ತಿದ್ದುದು ಹೈದರಾಬಾದಿನ ಕೇಂದ್ರದಲ್ಲಿ. ಮೊದಲ ದಿನಗಳಲ್ಲಿ ಜನ ಮುಗಿಬಿದ್ದು ನೋಡಿದರು, ಬರುಬರುತ್ತ ಗದ್ದಲ ಇಳಿಯಿತು. ಆದರೂ ಒಂದು ಸಂಗತಿ ಗಮನಿಸಬೇಕು. ಇಡೀ ಊರಿಗೆ ಒಂದೇ ಪೆಟ್ಟಿಗೆ. ಓಣಿ ಓಣಿಗೆ ನೀರಿನ ಬಾವಿ ಬೇರೆ ಬೇರೆ ಇದ್ದ ಕಾಲದಲ್ಲಿ, ಎಲ್ಲರೂ ಒಂದೇ ಕಡೆ ಕೂತು ನೋಡಬೇಕಾದ ಸಾಧನ ಅದು.

ವರ್ಷ ಮುಗಿಯಿತು. ನಾಸಾ ತನ್ನ ಉಪಗ್ರಹವನ್ನು ವಾಪಸ್ ಒಯ್ದಿತು. 1977ರಲ್ಲಿ ಗುಲಬರ್ಗಾದಲ್ಲಿ ರಾಜ್ಯದ ಮೊದಲ ದೂರದರ್ಶನ ಕೇಂದ್ರ ಆರಂಭವಾಯಿತು, ಆದರೆ ನೆಲದ ಮೇಲಿನ ಗೋಪುರದ ತರಂಗ ಕೆಲವು ಹತ್ತು ಕಿಲೋಮೀಟರ್ ದಾಟುವುದು ಕಷ್ಟ. ದೂರದ ಹಳ್ಳಿಗಳಲ್ಲಿ ಛತ್ರಿ ಬರಿ ತಂತಿಬಲೆಯಾಗಿ ಉಳಿಯಿತು. ನಮ್ಮ ಟಿವಿ ಚರಿತ್ರೆಯ ಮೊದಲ ಪಾಠ ಇದು: ಕೊಟ್ಟವರ ಕೈಯಲ್ಲೇ ಗುಂಡಿ ಇದ್ದರೆ, ತೆಗೆದುಕೊಂಡು ಹೋಗುವಾಗ ನಮ್ಮನ್ನು ಯಾರೂ ಕೇಳುವುದಿಲ್ಲ.

ಮುಂದೆ 1983ರ ಇನ್ಸಾಟ್-1ಬಿ, ಅದರ ಬೆನ್ನಿಗೆ ದೇಶದ ತುಂಬ ಎದ್ದ ಮರುಪ್ರಸಾರ ಗೋಪುರಗಳು, 1987ರ 'ರಾಮಾಯಣ', 1988ರ 'ಮಹಾಭಾರತ' ಇವೆಲ್ಲ ಗೊತ್ತಿರುವ ಕಥೆ. ಮಾಳಿಗೆ ಮನೆಗಳ ಮೇಲೆ ಉದ್ದನೆಯ ಆ್ಯಂಟೆನಾ ಬಂದದ್ದು ಆಗ. ಗಾಳಿಗೆ ಅದು ತಿರುಗಿದರೆ ಒಬ್ಬ ಮೇಲೆ ಹತ್ತಬೇಕು, ಒಬ್ಬ ಕೆಳಗಿನಿಂದ "ಬಂತು, ಬಂತು, ಹೋತು" ಎಂದು ಕೂಗಬೇಕು.

ತೊಂಬತ್ತರ ದಶಕದಲ್ಲಿ ಕೇಬಲ್ ಬಂತು. 1994ರಲ್ಲಿ ಉದಯ ಟಿವಿ, 2000ದಲ್ಲಿ ಈಟಿವಿ ಕನ್ನಡ ಶುರುವಾದ ಮೇಲೆ ಕನ್ನಡದ ಮನೆಗಳಿಗೆ ಕೇಬಲ್ ಬೇಕೇಬೇಕು ಎನಿಸಿತು. ಪೇಟೆಯ ಒಬ್ಬ ಹುಡುಗ ಸಾಲ ಮಾಡಿ ಛತ್ರಿಗಳನ್ನು ಕೂರಿಸಿ, ಒಂದು ಖೋಲಿಯಲ್ಲಿ ಯಂತ್ರ ಜೋಡಿಸಿ, ಕರೆಂಟಿನ ಕಂಬದಿಂದ ಕಂಬಕ್ಕೆ ವೈರು ಎಳೆದರೆ ಅದೇ ಉದ್ಯಮ. 1995ರ ಕೇಬಲ್ ಕಾಯ್ದೆ ಬಂದ ಮೇಲೆ ಅವನು ಪ್ರಧಾನ ಅಂಚೆ ಕಚೇರಿಯಲ್ಲಿ ನೋಂದಣಿ ಮಾಡಿಸಬೇಕಾಯಿತು. ದೂರದರ್ಶನದ ನಿಗದಿತ ಚಾನೆಲ್‌ಗಳನ್ನು ಕಡ್ಡಾಯವಾಗಿ ತೋರಿಸಬೇಕೆಂದು ಅದೇ ಕಾಯ್ದೆಯ 8ನೇ ಕಲಂ ಹೇಳಿತು.

ಇಡೀ ಚರಿತ್ರೆಯಲ್ಲಿ ಗುಂಡಿ ಊರೊಳಗೇ ಇದ್ದದ್ದು ಈ ಕಾಲದಲ್ಲಿ ಮಾತ್ರ. ಯಾವ ಚಾನೆಲ್ ಯಾವ ನಂಬರಿಗೆ ಎಂಬುದು ಕೇಬಲ್‌ನವನ ಖೋಲಿಯಲ್ಲಿ ತೀರ್ಮಾನವಾಗುತ್ತಿತ್ತು. ಒಂದು ನಂಬರು ಅವನ ಸ್ವಂತದ್ದು. ಅದರಲ್ಲಿ ಹೊಸ ಸಿನಿಮಾ (ಕಾನೂನು ಪ್ರಕಾರವೋ ಅಲ್ಲವೋ ಯಾರೂ ಕೇಳುತ್ತಿರಲಿಲ್ಲ), ಊರ ಜಾತ್ರೆಯ ತೇರು, ಬಯಲಾಟ, ಶಾಲೆಯ ಗ್ಯಾದರಿಂಗ್, ಕೆಳಗೆ ಓಡುವ ಸಾಲಿನಲ್ಲಿ ಅರಿವೆ ಅಂಗಡಿಯ ಜಾಹೀರಾತು. ಚಿತ್ರ ನಿಂತರೆ "ಯಣ್ಣಾ, ಟಿವಿ ಬರವಲ್ದು, ಬಂದ್ ನೋಡು" ಎಂದರೆ ಏಣಿ ಹೊತ್ತು ಬರುತ್ತಿದ್ದ. ತೊಗರಿಗೆ ದರ ಬರದ ವರ್ಷ ತಿಂಗಳ ರೊಕ್ಕ ರಾಶಿಯವರೆಗೆ ಬಾಕಿ ಉಳಿದರೂ ವೈರು ಕತ್ತರಿಸುತ್ತಿರಲಿಲ್ಲ. ಅವನೇನೂ ದೇವರಲ್ಲ. ಚುನಾವಣೆಯಲ್ಲಿ ಯಾರ ಪರ ಎಂಬುದು ಅವನ ಚಾನೆಲ್ ನೋಡಿದರೇ ತಿಳಿಯುತ್ತಿತ್ತು. ಆದರೆ ಅವನ ಜೊತೆ ಜಗಳವಾಡಲು ಸಾಧ್ಯವಿತ್ತು, ಸಂಜೆ ಚಹಾದ ಅಂಗಡಿಯಲ್ಲಿ ಅವನು ಸಿಗುತ್ತಿದ್ದ.

ಆ ಗುಂಡಿ ಊರು ಬಿಟ್ಟದ್ದು ಎರಡು ಹೆಜ್ಜೆಯಲ್ಲಿ. ಮೊದಲನೆಯದು ಡಿಜಿಟಲೀಕರಣ. ಮಹಾನಗರಗಳಿಂದ 2012ರಲ್ಲಿ ಶುರುವಾಗಿ ಮೂರನೇ ಹಂತದಲ್ಲಿ ಸಣ್ಣ ಪಟ್ಟಣಗಳಿಗೆ, ನಾಲ್ಕನೇ ಹಂತದಲ್ಲಿ ಹಳ್ಳಿಗಳಿಗೆ ಸೆಟ್‌ಟಾಪ್ ಬಾಕ್ಸ್ ಕಡ್ಡಾಯವಾಯಿತು. ಸಿಗ್ನಲ್ ಈಗ ದೊಡ್ಡ ಕಂಪನಿಯಿಂದ ಬೀಗ ಹಾಕಿಕೊಂಡು ಬರುತ್ತದೆ, ಬೀಗದ ಕೈಯೂ ಅಲ್ಲೇ. ನಮ್ಮ ಕೇಬಲ್‌ನವನಿಗೆ ಉಳಿದದ್ದು ವೈರು ಮತ್ತು ವಸೂಲಿ. 2019ರ ಫೆಬ್ರುವರಿ 1ರಿಂದ ಟ್ರಾಯ್ ಹೊಸ ದರ ಪದ್ಧತಿ ಬಂತು. ಮೊದಲ ನೂರು ಚಾನೆಲ್‌ಗಳ ಜಾಲ ಶುಲ್ಕಕ್ಕೆ ಆಗ ತೆರಿಗೆ ಬಿಟ್ಟು ಗರಿಷ್ಠ 130 ರೂಪಾಯಿ ಇತ್ತು, ಬೇಕಾದ ಚಾನೆಲ್‌ಗೆ ಬೇರೆ ದುಡ್ಡು. ಬೇರೆ ಒಪ್ಪಂದ ಇಲ್ಲದಿದ್ದರೆ ಆ ಶುಲ್ಕದಲ್ಲಿ 55 ಪಾಲು ಮೇಲಿನ ಕಂಪನಿಗೆ, 45 ಪಾಲು ಕೇಬಲ್‌ನವನಿಗೆ. ಬಾಕಿ ಹೇಳಿ ಬಿಡುವ ಅಧಿಕಾರ ಅವನಿಗೆ ಉಳಿಯಲಿಲ್ಲ, ರಿಚಾರ್ಜ್ ಮುಗಿದರೆ ಪರದೆ ತಾನೇ ಕಪ್ಪಾಗುತ್ತದೆ. ತಿಂಗಳ ರೊಕ್ಕವೇ ಬೇಡವೆಂದವರು 2004ರಲ್ಲಿ ಶುರುವಾಗಿದ್ದ ದೂರದರ್ಶನದ ಉಚಿತ ಡಿಶ್ ಕಡೆ ತಿರುಗಿದರು.

ಎರಡನೆಯ ಹೆಜ್ಜೆ ಮೊಬೈಲ್. ಜಿಯೊ 2016ರ ಸೆಪ್ಟೆಂಬರ್ 5ರಂದು ಬಂತು. ಅದರ ಪುಕ್ಕಟೆ ಡೇಟಾ ಮುಗಿದದ್ದು 2017ರ ಮಾರ್ಚ್ 31ಕ್ಕೆ. ಹಳ್ಳಿಗಳಲ್ಲಿ ಹಳೆಯ ಕೇಬಲ್ ಬಂದ್ ಮಾಡಲು ಸರ್ಕಾರ ಕೊಟ್ಟಿದ್ದ ಗಡುವೂ ಅದೇ ದಿನ. ಒಂದು ಕಡೆ ಬಾಕ್ಸಿಗೆ ರೊಕ್ಕ ಕೊಡಿ ಎನ್ನುವಾಗ ಇನ್ನೊಂದು ಕಡೆ ಇಡೀ ಸಿನಿಮಾ ಪುಕ್ಕಟೆ. ಜನ ಯಾವ ಕಡೆ ವಾಲಿದರು ಎಂದು ಹೇಳಬೇಕಿಲ್ಲ. ಐಪಿಎಲ್ ಕೂಡ 2023ರಲ್ಲಿ ಮೊಬೈಲಿನಲ್ಲಿ ಪುಕ್ಕಟೆಯಾಗಿ ಸಿಕ್ಕಿತು, 2025ರ ಹೊತ್ತಿಗೆ ಅದಕ್ಕೆ ಚಂದಾ ಬಿತ್ತು. 1976ರ ಪಾಠ ಮತ್ತೆ.

ಗಳಿಕೆಯೂ ಇದೆ. ಉತ್ತರ ಕರ್ನಾಟಕದ ಭಾಷೆಯೆಂದರೆ ಹಾಸ್ಯದ ಪಾತ್ರಕ್ಕಷ್ಟೇ ಎಂದುಕೊಂಡಿದ್ದ ಧಾರಾವಾಹಿಗಳ ಎದುರು, ನಮ್ಮ ಹುಡುಗರು ಯೂಟ್ಯೂಬಿನಲ್ಲಿ ನಮ್ಮದೇ ಮಾತಿನಲ್ಲಿ ನಾಟಕ, ಜಾನಪದ ಹಾಡು ಹಾಕಿ ನೋಡುಗರನ್ನು ಗಳಿಸಿದ್ದಾರೆ. ಕೆಲವು ಕೇಬಲ್‌ನವರು ಅದೇ ಕಂಬಗಳ ಮೇಲೆ ಫೈಬರ್ ಎಳೆದು ಇಂಟರ್ನೆಟ್ ಮಾರುತ್ತಿದ್ದಾರೆ.

ಆದರೆ ನೆಟ್ಟಿನ ಲೆಕ್ಕ ಬೇರೆ. ಟಿವಿ ಮನೆಯದು, ಫೋನು ಒಬ್ಬರದು. ಆ ಒಬ್ಬರು ಹೊಲಕ್ಕೆ ಹೋದರೆ ಮನೆಗೆ ಏನೂ ಇಲ್ಲ. ಕೊರೊನಾ ಕಾಲದಲ್ಲಿ ಇದು ಬಯಲಾಯಿತು. ಶಾಲೆ ಮುಚ್ಚಿದಾಗ ಸ್ಮಾರ್ಟ್‌ಫೋನ್ ಇಲ್ಲದ ಮಕ್ಕಳನ್ನು ಮುಟ್ಟಲು ಸರ್ಕಾರ ಮರಳಿದ್ದು ಹಳೆಯ ಟಿವಿಗೇ: ಚಂದನ ವಾಹಿನಿಯ ಸೇತುಬಂಧ, ಆಮೇಲೆ ಸಂವೇದ ಪಾಠಗಳು. 1975ರಲ್ಲಿ ಬೆಳಿಗ್ಗೆ ಪೆಟ್ಟಿಗೆ ಮುಂದೆ ಕೂತ ಮಕ್ಕಳ ಮೊಮ್ಮಕ್ಕಳು 45 ವರ್ಷದ ನಂತರ ಮತ್ತೆ ಹಾಗೇ ಕೂತರು. ಕೇಬಲ್‌ನಲ್ಲಿ ಚಂದನ ಸಿಗುವುದಕ್ಕೆ ಕಾನೂನಿನ ಬಲವಿದೆ. ಖಾಸಗಿ ಆ್ಯಪ್‌ಗಳಿಗೆ ಅಂಥ ಕಟ್ಟಳೆ ಇಲ್ಲ. ಪ್ರಸಾರ ಭಾರತಿ 2024ರ ನವೆಂಬರ್‌ನಲ್ಲಿ 'ವೇವ್ಸ್' ಎಂಬ ಸ್ವಂತ ಆ್ಯಪ್ ತಂದಿದೆ ನಿಜ, ಆದರೆ ಅದನ್ನು ಹುಡುಕಿ ಹಾಕಿಕೊಂಡವರಿಗೆ ಮಾತ್ರ ಅದು ಇದೆ.

ಕೇಬಲ್ ಉಳಿಯಬೇಕು ಎಂಬ ವಾದ ಇದಲ್ಲ. ವೈರು ಹೋಗುವುದು ಹೋಗಲಿ, ಅದರ ಜೊತೆ ಊರಿನ ದಾಖಲೆ ಹೋಗಬಾರದು. ಕೇಬಲ್‌ನವರ ಖೋಲಿಗಳಲ್ಲಿ ತೊಂಬತ್ತರ ದಶಕದ ಜಾತ್ರೆ, ಸಭೆ, ಬಯಲಾಟಗಳ ಕ್ಯಾಸೆಟ್, ಸಿಡಿಗಳು ಇದ್ದರೆ ಈಗಲೇ ಕೇಳಿ ಪಡೆದು ಪ್ರತಿ ಮಾಡಿಸಬೇಕು. ನಮ್ಮ ಹವೆಯ ಬಿಸಿಲು, ಧೂಳಿಗೆ ಟೇಪು ಬಹಳ ಕಾಲ ತಾಳದು. 1975ರಲ್ಲಿ ಹತ್ತು ವರ್ಷದವರಾಗಿದ್ದವರು ಈಗ ಅರವತ್ತರ ಆಸುಪಾಸಿನಲ್ಲಿದ್ದಾರೆ. ತಂತಿಬಲೆಯ ಛತ್ರಿ ಯಾವ ಶಾಲೆಯ ಮುಂದಿತ್ತು, ಮುಂದೆ ಕೂತವರು ಯಾರು, ಬಾಗಿಲಾಚೆ ನಿಂತು ನೋಡಿದವರು ಯಾರು ಎಂದು ಹೇಳಬಲ್ಲವರು ಅವರೇ. ಆಲಮಟ್ಟಿ ಹಿನ್ನೀರಿನ ಊರುಗಳಿಂದ ಭೀಮಾ ತೀರದವರೆಗೆ ಅವರನ್ನು ಹುಡುಕಿ ಮಾತಾಡಿಸುವ ಕೆಲಸ ನಮ್ಮಂಥ ಪತ್ರಿಕೋದ್ಯಮ ಓದಿದವರದು.