ಪೆಟ್ರೋಲು, ಕಾಕಂಬಿ ಮತ್ತು ಒಂದು ರಬ್ಬರ್ ಪೈಪು

ಮೊನ್ನೆ ಚಿತ್ತಾಪುರಕ್ಕೆ ಹೋದಾಗ ಅಣ್ಣನ ಮಗ ತನ್ನ ಹಳೇ ಕಾರು ತೋರಿಸಿದ. ಇಂಜಿನ್ ಕೆಲಸ ಮಾಡಿಸಿ, ಟರ್ಬೊ ಕೂರಿಸಿದ್ದಾನೆ. "ಕಾಕಾ, ಮುಂದ ಇದಕ್ಕ ಎಥನಾಲ್ ಹೆಚ್ಚು ಹಾಕಿ ಓಡಸ್ತೀನಿ ನೋಡ್ರಿ" ಅಂದ. ವಾಡಿ ರಸ್ತೆಯಲ್ಲಿ ಸ್ವಲ್ಪ ದೂರ ಹೋಗಿದ್ದೆವು, ಒಳಗೆಲ್ಲ ಪೆಟ್ರೋಲ್ ವಾಸನೆ. ಬಾನೆಟ್ ಎತ್ತಿದರೆ ರಬ್ಬರ್ ಪೈಪು ಉಬ್ಬಿ, ಬಿರಿದು, ಕಾದ ಇಂಜಿನ್ ಪಕ್ಕದಲ್ಲೇ ತೊಟ್ಟಿಕ್ಕುತ್ತಿತ್ತು. ಒಂದು ಕಿಡಿ ಸಾಕಿತ್ತು! ಪೈಪಿಗೆ ವಯಸ್ಸೂ ಆಗಿತ್ತು, ತಪ್ಪೆಲ್ಲ ಎಥನಾಲ್ ಮೇಲೆ ಹೊರಿಸುವಂತಿಲ್ಲ. ಆದರೂ ಅವತ್ತಿನಿಂದ ಈ ಮಿಶ್ರಣದ ಕಥೆ ತಲೆಯಲ್ಲಿ ಕೂತುಬಿಟ್ಟಿದೆ.

ಇದು ಹೊಸದೆಂದು ನಾವೆಲ್ಲ ತಿಳಿದಿದ್ದೇವೆ. ಅಲ್ಲ. 1920ರ ಹೊತ್ತಿಗೇ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಗಿಲ್ಬರ್ಟ್ ಫೌಲರ್ ಹಿಪ್ಪೆ ಹೂವನ್ನು ಹುಳಿಯಿಸಿ ಆಲ್ಕೋಹಾಲ್ ತೆಗೆಯುವುದನ್ನು ಅಭ್ಯಾಸ ಮಾಡಿದ್ದರು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾಯಿತು. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯನ್ನು ಏನು ಮಾಡುವುದು? ಅಲ್ಲಿನ ಡಿಸ್ಟಿಲರಿಯಲ್ಲಿ ಅದರಿಂದ 'ಪವರ್ ಆಲ್ಕೋಹಾಲ್' ಇಳಿಸಿ ಪೆಟ್ರೋಲಿಗೆ ಬೆರೆಸಿದರು. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಂದು ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಓಡಿದ್ದನ್ನು ಹಿರಿಯರಿಂದ ಕೇಳಿದ್ದೀರಲ್ಲ, ಆ ಕಾಲದಲ್ಲಿ ಪ್ರತಿ ಹನಿಗೂ ಬೆಲೆ. ಸ್ವಾತಂತ್ರ್ಯದ ನಂತರ 1948ರಲ್ಲಿ ಪವರ್ ಆಲ್ಕೋಹಾಲ್ ಕಾಯ್ದೆಯೇ ಬಂತು. ಆಮೇಲೆ ಪೆಟ್ರೋಲು ಅಗ್ಗವಾಯಿತು, ಕಾಕಂಬಿ ಮದ್ಯಕ್ಕೂ ರಾಸಾಯನಿಕ ಕಾರ್ಖಾನೆಗಳಿಗೂ ಹೋಯಿತು. ಕಾಯ್ದೆ ಮಲಗಿಯೇ ಇದ್ದು, 2000ದಲ್ಲಿ ರದ್ದಾಯಿತು.

ತಮಾಷೆ ನೋಡಿ, ಮರುವರ್ಷವೇ ಮೀರಜ್, ಮನಮಾಡ್, ಬರೇಲಿಗಳಲ್ಲಿ ಎಥನಾಲ್ ಬೆರೆಸುವ ಪ್ರಯೋಗ! 2003ರಲ್ಲಿ ಕರ್ನಾಟಕ ಸೇರಿ ಒಂಬತ್ತು ರಾಜ್ಯಗಳಿಗೆ ಶೇ. 5 ಮಿಶ್ರಣ. ದೇಶದ ಸರಾಸರಿ ಶೇ. 10 ಮುಟ್ಟಿದ್ದು 2022ರಲ್ಲಿ. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಶೇ. 20ರ 'ಇ20' ಬಿಡುಗಡೆ. ಈಗ ನಮ್ಮ ಪಕ್ಕದ ಚಿಂಚೋಳಿಯಲ್ಲೂ ಎಥನಾಲ್ ಘಟಕ ಬಂದಿದೆ.

ಇನ್ನು ಕಾರಿನ ವಿಷಯ. ಎಥನಾಲಿನ ಆಕ್ಟೇನ್ ಹೆಚ್ಚು, ಆವಿಯಾಗುವಾಗ ಒಳಬರುವ ಗಾಳಿಯನ್ನು ತಂಪು ಮಾಡುತ್ತದೆ. ಅದಕ್ಕೇ ಟರ್ಬೊ ಹುಡುಗರಿಗೆ ಅದರ ಮೇಲೆ ಆಸೆ. ಆದರೆ ಲೀಟರಿಗೆ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಕಡಿಮೆ. ಒಂದು ಕಿಲೋ ಪೆಟ್ರೋಲು ಉರಿಯಲು 14.7 ಕಿಲೋ ಗಾಳಿ ಬೇಕು, ಎಥನಾಲಿಗೆ 9 ಸಾಕು. ಅಂದರೆ ಅದೇ ಗಾಳಿಗೆ ಹೆಚ್ಚು ಇಂಧನ ಸುರಿಯಬೇಕು. ಶೇ. 85ರ ಮಿಶ್ರಣಕ್ಕೆ ಮೂರನೇ ಒಂದು ಭಾಗಕ್ಕಿಂತಲೂ ಜಾಸ್ತಿ! ಹಾಗಾಗಿ ದೊಡ್ಡ ಪಂಪು, ದೊಡ್ಡ ಇಂಜೆಕ್ಟರ್, ಇಸಿಯುನಲ್ಲಿ ಹೊಸ ಲೆಕ್ಕ, ಮಿಶ್ರಣ ಅಳೆಯುವ ಸೆನ್ಸರ್. ಇದರ ಜೊತೆಗೆ ಎಥನಾಲ್ ತಡೆಯುವ ಪೈಪು, ಸೀಲು. ಟ್ಯಾಂಕಿನಲ್ಲಿ ನೀರು ಸೇರಿದರೆ ಎಥನಾಲ್ ಅದನ್ನು ಹೀರಿ ತಳಕ್ಕೆ ಇಳಿಯುತ್ತದೆ, ತುಕ್ಕು ಶುರು.

ಬ್ರೆಜಿಲ್‌ನವರು 1975ರಲ್ಲಿ ಕಾರ್ಯಕ್ರಮ ಶುರುಮಾಡಿ, 1979ರಲ್ಲಿ ಎಥನಾಲಿಗೆಂದೇ ಫಿಯೆಟ್ 147 ಮಾರಿದರು. ಚಳಿಯಲ್ಲಿ ಸ್ಟಾರ್ಟ್ ಆಗಲೆಂದು ಅದರಲ್ಲಿ ಪುಟ್ಟದೊಂದು ಪೆಟ್ರೋಲ್ ಟ್ಯಾಂಕೂ ಇತ್ತು. ಅಂದರೆ ಇಂಧನದ ಜೊತೆಗೆ ಗಾಡಿಯನ್ನೂ ಬದಲಿಸಿದರು. ನಮ್ಮಲ್ಲಿ ಇಂಧನ ಮೊದಲು ಬಂತು, ಹಳೇ ಗಾಡಿಗಳು ಹಾಗೇ ಉಳಿದವು. ನನ್ನ ತಕರಾರು ಇಷ್ಟೇ.

ಹುಡುಗನಿಗೆ ಹೇಳಿದೆ, "ಮೊದಲ ಪೈಪು, ಆಮೇಲೆ ಸ್ಪೀಡು." ಶಹಾಬಾದಿನ ಮಿಸ್ತ್ರಿ ಹತ್ತಿರ ಹೋಗಿ ಪೈಪು, ಸೀಲು ಎಲ್ಲ ಬದಲಿಸಿಕೊಂಡು ಬಂದಿದ್ದಾನೆ. ಟರ್ಬೊ ಆಸೆ ಇನ್ನೂ ಬಿಟ್ಟಿಲ್ಲ :-)

ಮಂಡ್ಯದ ಪವರ್ ಆಲ್ಕೋಹಾಲ್ ಹಾಕಿ ಗಾಡಿ ಓಡಿಸಿದ ಅಜ್ಜಂದಿರ ನೆನಪು ನಿಮ್ಮ ಮನೆಗಳಲ್ಲಿ ಇದ್ದರೆ ದಯವಿಟ್ಟು ಬರೆಯಿರಿ.