ಹದಿನೆಂಟು ಸೋಲುಗಳ ಲೆಕ್ಕ: ಮಿನ್ನೆಸೋಟ ಟ್ವಿನ್ಸ್ ಅಭಿಮಾನಿಗಳ ಒಂದು ದೂರಿನ ಪರಿಶೀಲನೆ

2004ರ ಅಕ್ಟೋಬರ್ 6ರಿಂದ 2020ರ ಸೆಪ್ಟೆಂಬರ್ 30ರವರೆಗೆ ಮಿನ್ನೆಸೋಟ ಟ್ವಿನ್ಸ್ ಬೇಸ್‌ಬಾಲ್ ತಂಡ ಪ್ಲೇಆಫ್‌ನಲ್ಲಿ ಹದಿನೆಂಟು ಪಂದ್ಯ ಆಡಿತು, ಹದಿನೆಂಟನ್ನೂ ಸೋತಿತು. ಉತ್ತರ ಅಮೆರಿಕದ ಪ್ರಮುಖ ವೃತ್ತಿಪರ ಕ್ರೀಡೆಗಳಲ್ಲಿ ಇಷ್ಟು ಉದ್ದದ ಪ್ಲೇಆಫ್ ಸೋಲಿನ ಸರಣಿ ಬೇರೆ ಯಾವ ತಂಡದ ಹೆಸರಿನಲ್ಲೂ ಇಲ್ಲ. ಹದಿಮೂರು ಸೋಲು ನ್ಯೂಯಾರ್ಕ್ ಯಾಂಕೀಸ್ ಕೈಯಲ್ಲಿ, ಮೂರು ಓಕ್ಲೆಂಡ್ ಅಥ್ಲೆಟಿಕ್ಸ್ ಕೈಯಲ್ಲಿ, ಎರಡು ಹ್ಯೂಸ್ಟನ್ ಆಸ್ಟ್ರೋಸ್ ಕೈಯಲ್ಲಿ. ಮಿನ್ನೆಸೋಟದ ಅಭಿಮಾನಿಗಳು ಇದಕ್ಕೆ ಕೊಡುವ ವಿವರಣೆ ಬಹಳ ಕಾಲದಿಂದ ಒಂದೇ. 1984ರಿಂದ ತಂಡದ ಒಡೆತನ ಹೊಂದಿರುವ ಪೋಲಾಡ್ ಕುಟುಂಬ ಚಳಿಗಾಲದಲ್ಲಿ ಕೈ ಬಿಚ್ಚುವುದಿಲ್ಲ, ಮೊದಲ ದರ್ಜೆಯ ಪಿಚರನ್ನು ಕರೆತರುವುದಿಲ್ಲ, ಆದ್ದರಿಂದಲೇ ಅಕ್ಟೋಬರಿನಲ್ಲಿ ಸೋಲು. ಈ ದೂರನ್ನು ಪಂದ್ಯಗಳ ಅಂಕಪಟ್ಟಿಯ ಎದುರಿಗಿಟ್ಟು ನೋಡುವುದಷ್ಟೇ ಈ ಟಿಪ್ಪಣಿಯ ಉದ್ದೇಶ.

ಬೇಸ್‌ಬಾಲ್ ಅಷ್ಟಾಗಿ ಪರಿಚಯವಿಲ್ಲದ ಓದುಗರಿಗೆ ಒಂದೆರಡು ಮಾತು. ವಸಂತದಿಂದ ಸೆಪ್ಟೆಂಬರ್ ಕೊನೆಯವರೆಗೆ ಪ್ರತಿ ತಂಡ 162 ಪಂದ್ಯ ಆಡುತ್ತದೆ. ಮುಂದೆ ಬಂದ ಕೆಲವೇ ತಂಡಗಳು ಅಕ್ಟೋಬರಿನ ಪ್ಲೇಆಫ್‌ಗೆ ಹೋಗುತ್ತವೆ. ಅದು ಮುಗಿದ ಮೇಲೆ ನವೆಂಬರಿನಿಂದ ಫೆಬ್ರುವರಿಯವರೆಗಿನ ಬಿಡುವಿನಲ್ಲಿ ತಂಡ ಕಟ್ಟುವ ಕೆಲಸ ನಡೆಯುತ್ತದೆ. ಕರಾರು ಮುಗಿದವರು ಫ್ರೀ ಏಜೆಂಟ್‌ಗಳಾಗಿ ತಮಗೆ ಬೇಕಾದ ತಂಡ ಸೇರುತ್ತಾರೆ. ಉಳಿದವರನ್ನು ತಂಡಗಳು ತಮ್ಮತಮ್ಮಲ್ಲಿ ಟ್ರೇಡ್ ಮಾಡಿಕೊಳ್ಳುತ್ತವೆ. ಐಪಿಎಲ್ ಹರಾಜಿನಲ್ಲಿರುವಂತೆ ಎಲ್ಲರಿಗೂ ಸಮನಾದ ಹಣದ ಚೀಲ ಇಲ್ಲಿಲ್ಲ. ಒಂದು ಗೆರೆ ದಾಟಿದವರು ದಂಡದ ತೆರಿಗೆ ಕಟ್ಟಬೇಕು, ಅಷ್ಟೆ. ಹಾಗಾಗಿ ನ್ಯೂಯಾರ್ಕ್ ಖರ್ಚು ಮಾಡುವಷ್ಟನ್ನು ಟ್ವಿನ್ಸ್‌ನ ಊರಾದ ಮಿನಿಯಾಪೊಲಿಸ್ ಮಾಡದಿದ್ದಾಗ ಅಭಿಮಾನಿಗೆ ಅನುಮಾನ ಬರುವುದು ಸಹಜ.

ಅನುಮಾನಕ್ಕೆ ಆಧಾರವೂ ಇದೆ. 2001ರ ನವೆಂಬರಿನಲ್ಲಿ ಎರಡು ತಂಡಗಳನ್ನು ಮುಚ್ಚಿಬಿಡಲು ಲೀಗ್‌ನ ಮಾಲೀಕರು ಮತ ಹಾಕಿದಾಗ ಟ್ವಿನ್ಸ್ ಹೆಸರು ಎಲ್ಲರ ಬಾಯಲ್ಲಿತ್ತು. ತಂಡ ಹೇಗೋ ಉಳಿಯಿತು. 2002ರ ಡಿಸೆಂಬರಿನಲ್ಲಿ, ಆ ವರ್ಷ 20 ಹೋಮ್ ರನ್ ಹೊಡೆದಿದ್ದ ಡೇವಿಡ್ ಓರ್ಟಿಜ್‌ನನ್ನು ಅದೇ ತಂಡ ಬಿಟ್ಟುಕೊಟ್ಟಿತು. ಮುಂದಿನ ತಿಂಗಳು ಬಾಸ್ಟನ್ ರೆಡ್ ಸಾಕ್ಸ್ ಆತನನ್ನು ಸೇರಿಸಿಕೊಂಡಿತು. 2004ರ ಪ್ಲೇಆಫ್‌ನಲ್ಲಿ ಯಾಂಕೀಸ್ ವಿರುದ್ಧ ಮೊದಲ ಮೂರು ಪಂದ್ಯ ಸೋತು ನಂತರದ ನಾಲ್ಕನ್ನೂ ಗೆದ್ದ ಬಾಸ್ಟನ್ ತಂಡದ ಮುಖ್ಯ ಬ್ಯಾಟರ್ ಆತನೇ. ಮಿನ್ನೆಸೋಟವನ್ನು ಹದಿಮೂರು ಸಲ ಸೋಲಿಸಿದ ಯಾಂಕೀಸನ್ನು ಮಿನ್ನೆಸೋಟ ಬೇಡವೆಂದ ಆಟಗಾರ ಮಣಿಸಿದ್ದು ಆ ಊರಿನವರು ಇಂದಿಗೂ ಮರೆಯದ ಸಂಗತಿ.

ಆದರೆ ಇದೊಂದೇ ಚಳಿಗಾಲವನ್ನು ಎತ್ತಿ ಹೇಳುವವರು ಅದರ ಹಿಂದುಮುಂದಿನ ಚಳಿಗಾಲಗಳನ್ನು ಬಿಟ್ಟುಬಿಡುತ್ತಾರೆ. 2003ರ ನವೆಂಬರಿನಲ್ಲಿ ಕ್ಯಾಚರ್ ಎ.ಜೆ. ಪಿಯರ್ಜಿನ್‌ಸ್ಕಿಯನ್ನು ಸ್ಯಾನ್ ಫ್ರಾನ್ಸಿಸ್ಕೊಗೆ ಕೊಟ್ಟು ಜೋ ನೇಥನ್, ಫ್ರಾನ್ಸಿಸ್ಕೊ ಲಿರಿಯಾನೊ ಮತ್ತು ಬೂಫ್ ಬಾನ್ಸರ್ ಎಂಬ ಮೂವರು ಪಿಚರ್‌ಗಳನ್ನು ತಂದದ್ದು ಆ ದಶಕದ ಅತ್ಯಂತ ಲಾಭದ ಟ್ರೇಡ್‌ಗಳಲ್ಲಿ ಒಂದು. 1999ರ ಚಳಿಗಾಲದಲ್ಲಿ ಹ್ಯೂಸ್ಟನ್ ತಂಡ ಕಾಪಾಡಿಕೊಳ್ಳದೆ ಬಿಟ್ಟಿದ್ದ ಯೊಹಾನ್ ಸಂತಾನ ಅಗ್ಗಕ್ಕೆ ಸಿಕ್ಕು, 2004 ಮತ್ತು 2006ರಲ್ಲಿ ಲೀಗ್‌ನ ಶ್ರೇಷ್ಠ ಪಿಚರ್‌ಗೆ ಸಲ್ಲುವ ಸೈ ಯಂಗ್ ಪ್ರಶಸ್ತಿ ಗಳಿಸಿದ. ಮೊದಲ ದರ್ಜೆಯ ಪಿಚರ್ ಇರಲಿಲ್ಲ ಎಂಬ ದೂರು ಈ ವರ್ಷಗಳಿಗೆ ಅನ್ವಯಿಸುವುದೇ ಇಲ್ಲ.

ಅಷ್ಟಾದರೂ ಸರಣಿಯ ಮೊದಲ ಸೋಲು ಬಂದದ್ದು ನೇಥನ್ ಕೈಯಿಂದಲೇ. ಹಿಂದಿನ ರಾತ್ರಿ ಸಂತಾನ ನ್ಯೂಯಾರ್ಕಿನಲ್ಲಿ 2-0 ಗೆಲುವು ತಂದಿದ್ದ. ಎರಡನೇ ಪಂದ್ಯದ 12ನೇ ಇನ್ನಿಂಗ್ಸ್‌ನಲ್ಲಿ ಟೋರಿ ಹಂಟರ್ ಹೋಮ್ ರನ್ ಹೊಡೆದು 6-5ರ ಮುನ್ನಡೆ ಕೊಟ್ಟ. ಆಗಲೇ ಎರಡು ಇನ್ನಿಂಗ್ಸ್ ಎಸೆದು ದಣಿದಿದ್ದ ನೇಥನ್‌ನನ್ನು ಮೂರನೆಯದಕ್ಕೂ ಕಳಿಸಿದರು; ಯಾಂಕೀಸ್ 7-6ರಿಂದ ಗೆದ್ದಿತು. ನಾಲ್ಕನೇ ಪಂದ್ಯದಲ್ಲಿ ಎಂಟನೇ ಇನ್ನಿಂಗ್ಸ್‌ವರೆಗೆ 5-1ರಿಂದ ಮುಂದಿದ್ದು 11ನೇ ಇನ್ನಿಂಗ್ಸ್‌ನಲ್ಲಿ 6-5ರಿಂದ ಸೋತರು. ಇವು ಚಳಿಗಾಲದ ತಪ್ಪುಗಳಲ್ಲ. ಯಾರನ್ನು ಯಾವಾಗ ಎಸೆಯಲು ಕಳಿಸಬೇಕು ಎಂಬ ಆ ಹೊತ್ತಿನ ತೀರ್ಮಾನಕ್ಕೆ ಸೇರಿದವು.

ಈಗ ರನ್‌ಗಳ ಲೆಕ್ಕ. ಹದಿನೆಂಟು ಪಂದ್ಯಗಳಲ್ಲಿ ಟ್ವಿನ್ಸ್ ಗಳಿಸಿದ್ದು 48 ರನ್, ಬಿಟ್ಟುಕೊಟ್ಟದ್ದು 107. ಪಂದ್ಯಕ್ಕೆ ಮೂರು ರನ್ನೂ ಬರಲಿಲ್ಲ. 2004ರ ಮೂರು ಪಂದ್ಯಗಳನ್ನು ತೆಗೆದಿಟ್ಟರೆ ಚಿತ್ರ ಇನ್ನೂ ಕಟುವಾಗುತ್ತದೆ: ಉಳಿದ ಹದಿನೈದರಲ್ಲಿ 33 ರನ್, ಒಂದು ಪಂದ್ಯದಲ್ಲಿಯೂ ನಾಲ್ಕು ದಾಟಲಿಲ್ಲ. ಸೋತ ಪಂದ್ಯಗಳನ್ನಷ್ಟೇ ಆರಿಸಿಕೊಂಡರೆ ರನ್ ಕಡಿಮೆ ಕಾಣುವುದು ಸಹಜವಲ್ಲವೇ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಇಲ್ಲಿ ಆರಿಸಿಕೊಂಡದ್ದೇನೂ ಇಲ್ಲ. ಆ ಅವಧಿಯಲ್ಲಿ ತಂಡ ಆಡಿದ ಪ್ಲೇಆಫ್ ಪಂದ್ಯಗಳೆಲ್ಲ ಇವೇ.

ಆ ಹದಿನೈದರಲ್ಲಿ ಐದು ಪಂದ್ಯಗಳಲ್ಲಿ ಪಿಚರ್‌ಗಳು ಎದುರಾಳಿಯನ್ನು ನಾಲ್ಕು ಅಥವಾ ಅದಕ್ಕಿಂತ ಕಡಿಮೆ ರನ್‌ಗೆ ಹಿಡಿದಿಟ್ಟಿದ್ದರು. ಆ ಐದರಲ್ಲಿ ಬ್ಯಾಟರ್‌ಗಳು ಕೊಟ್ಟದ್ದು ಒಟ್ಟು ಎಂಟು ರನ್. 2009ರ ಎರಡನೇ ಪಂದ್ಯ ಇದಕ್ಕೆ ಒಳ್ಳೆಯ ಸಾಕ್ಷಿ. 11ನೇ ಇನ್ನಿಂಗ್ಸ್‌ನಲ್ಲಿ ಜೋ ಮೌರ್ ಹೊಡೆದ ಚೆಂಡು ಗೆರೆಯ ಒಳಗೇ ಬಿದ್ದರೂ ಅಂಪೈರ್ ಫಿಲ್ ಕುಜ್ಜಿ ಅದನ್ನು ಹೊರಗೆಂದ. ಅಭಿಮಾನಿಗಳ ನೆನಪಿನಲ್ಲಿ ಉಳಿದಿರುವುದು ಈ ಅನ್ಯಾಯ. ಆದರೆ ಅದರ ಬೆನ್ನಿಗೇ ಮೌರ್ ಇನ್ನೊಂದು ಹೊಡೆತದಿಂದ ಬೇಸ್ ಸೇರಿದ, ಹಿಂದೆ ಬಂದ ಇಬ್ಬರೂ ಸೇರಿದರು. ಒಬ್ಬರೂ ಔಟಾಗದೆ ಮೂರೂ ಬೇಸ್ ತುಂಬಿದ್ದವು. ಆ ಸ್ಥಿತಿಯಿಂದ ಬಂದ ರನ್ ಸೊನ್ನೆ. ಅದೇ ಇನ್ನಿಂಗ್ಸ್‌ನ ಯಾಂಕೀಸ್ ಸರದಿಯಲ್ಲಿ ಮಾರ್ಕ್ ಟೆಶೇರಾ ಹೋಮ್ ರನ್ ಹೊಡೆದು ಪಂದ್ಯ ಮುಗಿಸಿದ. ಅಂಪೈರನ್ನು ಬೈಯುವುದು ಸುಲಭ; ಅಂಕಪಟ್ಟಿ ಬೇರೆಯವರ ಕಡೆಗೂ ಬೆರಳು ತೋರುತ್ತದೆ.

ಬ್ಯಾಟುಗಳು ಹೀಗೆ ಮೌನವಾಗಲು ಕಾರಣ? 2019ರ ತಂಡವನ್ನು ನೋಡಿದರೆ ಉತ್ತರದ ಒಂದು ತುದಿ ಸಿಗುತ್ತದೆ. ಆ ವರ್ಷ ಟ್ವಿನ್ಸ್ 307 ಹೋಮ್ ರನ್ ಹೊಡೆದು ಲೀಗ್ ದಾಖಲೆ ಮಾಡಿತು, 939 ರನ್ ಗಳಿಸಿ 101 ಪಂದ್ಯ ಗೆದ್ದಿತು. ಟ್ವಿನ್ಸ್ ಹೆಚ್ಚು ಸಲ ಎದುರಿಸುವ ತನ್ನದೇ ಗುಂಪಿನ, ಅಂದರೆ ಡಿವಿಜನ್‌ನ, ಡೆಟ್ರಾಯಿಟ್ ಆ ವರ್ಷ 114 ಪಂದ್ಯ ಸೋತಿತ್ತು, ಕ್ಯಾನ್ಸಸ್ ಸಿಟಿ 103. ದುರ್ಬಲ ತಂಡಗಳ ನಾಲ್ಕನೆಯ, ಐದನೆಯ ಪಿಚರ್‌ಗಳ ಎದುರು ಕೂಡಿಟ್ಟ ರನ್‌ಗಳು ಆ ಮೊತ್ತದಲ್ಲಿ ಸಾಕಷ್ಟಿವೆ. ಅಕ್ಟೋಬರಿನಲ್ಲಿ ಅಂಥ ಪಿಚರ್‌ಗಳು ಕಾಣಿಸುವುದಿಲ್ಲ. ನಡುನಡುವೆ ಬಿಡುವಿನ ದಿನ ಇರುವುದರಿಂದ ಎದುರಾಳಿ ತನ್ನ ಅತ್ಯುತ್ತಮ ಮೂರು ನಾಲ್ಕು ಜನರನ್ನೇ ಮತ್ತೆ ಮತ್ತೆ ಎಸೆಯಲು ಬಿಡುತ್ತಾನೆ. ಯಾಂಕೀಸ್ ಎದುರಿನ ಮೂರು ಪಂದ್ಯಗಳಲ್ಲಿ ಟ್ವಿನ್ಸ್ ಗಳಿಸಿದ್ದು ಏಳು ರನ್. ಅಭಿಮಾನಿಯ ಮಾತು ಪೂರ್ತಿ ಸತ್ಯವಾಗುವ ಜಾಗವೂ ಇದೇ. ಆ ಜುಲೈನಲ್ಲಿ ತಂಡ ಕೊನೆಯ ಇನ್ನಿಂಗ್ಸ್‌ಗಳಿಗಾಗುವ ಸ್ಯಾಮ್ ಡೈಸನ್, ಸರ್ಜಿಯೊ ರೋಮೊ ಇಬ್ಬರನ್ನು ತಂದಿತೇ ಹೊರತು ಪಂದ್ಯ ಆರಂಭಿಸುವ ಪಿಚರನ್ನು ತರಲಿಲ್ಲ. ಸೆಪ್ಟೆಂಬರಿನಲ್ಲಿ ಮೈಕೆಲ್ ಪಿನೇಡಾ ನಿಷೇಧಕ್ಕೊಳಗಾದ. ಎರಡನೇ ಪಂದ್ಯಕ್ಕೆ ಯಾಂಕೀ ಸ್ಟೇಡಿಯಂನಲ್ಲಿ ಎಸೆಯಲು ಉಳಿದವನು ರ‍್ಯಾಂಡಿ ಡಾಬ್ನಾಕ್, ಆ ವರ್ಷವಷ್ಟೇ ಲೀಗ್‌ಗೆ ಬಂದ ಹುಡುಗ. ಫಲಿತಾಂಶ 8-2.

ಅದೃಷ್ಟದ ಪಾಲೆಷ್ಟು ಎಂಬುದನ್ನೂ ಅಳೆಯಬೇಕು. ಪ್ರತಿ ಪಂದ್ಯವೂ ಸಮಬಲದ್ದೆಂದು ಹಿಡಿದರೆ ಹದಿನೆಂಟನ್ನೂ ಸೋಲುವ ಸಂಭವ 2,62,144ಕ್ಕೆ ಒಂದು. ಗೆಲ್ಲುವ ಅವಕಾಶ ನೂರಕ್ಕೆ ನಲವತ್ತೇ ಇತ್ತೆಂದುಕೊಂಡರೂ ಸುಮಾರು ಹತ್ತು ಸಾವಿರಕ್ಕೆ ಒಂದು. ಎಂದರೆ ಬರಿಯ ದುರದೃಷ್ಟದ ಮೇಲೆ ಹೊರೆ ಹಾಕುವುದು ಕಷ್ಟ. ದುರ್ಬಲ ತಂಡ ಎಂಬ ವಿವರಣೆಯೊಂದೇ ಸಾಲದು ಎಂಬುದೂ ಅಷ್ಟೇ ನಿಜ. ಗಾಯಗಳನ್ನೂ ಸೇರಿಸಿಕೊಳ್ಳಬೇಕು. 2006ರಲ್ಲಿ ಲಿರಿಯಾನೊ, 2009ರಲ್ಲಿ ಬೆನ್ನುನೋವಿನ ಜಸ್ಟಿನ್ ಮೋರ್ನೊ, 2010ರಲ್ಲಿ ತಲೆಗೆ ಪೆಟ್ಟು ಬಿದ್ದ ಅದೇ ಮೋರ್ನೊ ಮತ್ತು ಮೊಣಕೈ ಶಸ್ತ್ರಚಿಕಿತ್ಸೆಯ ನೇಥನ್ ಅಕ್ಟೋಬರಿನಲ್ಲಿ ಇರಲೇ ಇಲ್ಲ.

ಅಕ್ಟೋಬರಿನಿಂದ ತಂಡದ ಗುಣವನ್ನು ಅಳೆಯುವವರಿಗೆ 1987ರ ಟ್ವಿನ್ಸ್ ಒಂದು ತೊಡಕು. ಆ ವರ್ಷ 85 ಗೆಲುವು, 77 ಸೋಲು. ಗಳಿಸಿದ್ದು 786 ರನ್, ಬಿಟ್ಟುಕೊಟ್ಟದ್ದು 806. ಹೊರ ಊರುಗಳಲ್ಲಿ ಗೆದ್ದದ್ದು 29 ಮಾತ್ರ. ಆ ತಂಡ 98 ಪಂದ್ಯ ಗೆದ್ದಿದ್ದ ಡೆಟ್ರಾಯಿಟನ್ನು ಮಣಿಸಿ, ಸೇಂಟ್ ಲೂಯಿಯನ್ನು ಏಳು ಪಂದ್ಯಗಳಲ್ಲಿ ಸೋಲಿಸಿ ವರ್ಲ್ಡ್ ಸೀರೀಸ್ ಗೆದ್ದಿತು. ಅದರ ಹಿಂದಿನ ಚಳಿಗಾಲದ ನಿರ್ಧಾರಗಳನ್ನು ಯಾರೂ ಪ್ರಶ್ನಿಸುವುದಿಲ್ಲ.

ಹಾಗಾದರೆ ಚಳಿಗಾಲದ ತಪ್ಪಿಗೆ ಶಿಕ್ಷೆ ಎಲ್ಲಿ? ನನ್ನ ಓದಿನಲ್ಲಿ, ಅಕ್ಟೋಬರಿಗಿಂತ ಹೆಚ್ಚಾಗಿ ಅದಕ್ಕೆ ಮುಂಚಿನ ಆರು ತಿಂಗಳಲ್ಲಿ. 2008ರ ಆರಂಭದಲ್ಲಿ ಸಂತಾನನನ್ನು ನ್ಯೂಯಾರ್ಕ್ ಮೆಟ್ಸ್‌ಗೆ ಕೊಟ್ಟರು. ಆತ ಅಲ್ಲಿ 16 ಪಂದ್ಯ ಗೆದ್ದ. ಆ ವರ್ಷ ಟ್ವಿನ್ಸ್ ಮತ್ತು ಶಿಕಾಗೊ ವೈಟ್ ಸಾಕ್ಸ್ ಡಿವಿಜನ್‌ನ ಮೊದಲ ಸ್ಥಾನದಲ್ಲಿ ಸಮಸಮವಾಗಿ ನಿಂತು, ನಿರ್ಣಯಕ್ಕೆಂದು ಆಡಿದ 163ನೇ ಪಂದ್ಯದಲ್ಲಿ ಟ್ವಿನ್ಸ್ 1-0ಯಿಂದ ಸೋತು ಹೊರಬಿತ್ತು. ಒಂದೇ ಒಂದು ಹೆಚ್ಚಿನ ಗೆಲುವು ಸಾಕಾಗುತ್ತಿತ್ತು. ಅಭಿಮಾನಿ ಹದಿನೆಂಟರ ಪಟ್ಟಿ ಹಿಡಿದು ಕೂಗುತ್ತಾನೆ, ಈ ಸೋಲು ಆ ಪಟ್ಟಿಯಲ್ಲಿ ಸೇರುವುದೇ ಇಲ್ಲ.

ಸರಣಿ ಮುಗಿದ ಬಗೆಯೂ ಗಮನಾರ್ಹ. 2023ರ ಜನವರಿಯಲ್ಲಿ ಬ್ಯಾಟಿಂಗ್ ಚಾಂಪಿಯನ್ ಲೂಯಿಸ್ ಅರಾಯಿಸ್‌ನನ್ನು ಮಯಾಮಿಗೆ ಕೊಟ್ಟು ಪಾಬ್ಲೊ ಲೋಪೆಜ್ ಎಂಬ ಪಿಚರನ್ನು ತಂದಾಗ ಅನೇಕ ಅಭಿಮಾನಿಗಳು ಮುನಿದಿದ್ದರು. ಅಕ್ಟೋಬರ್ 3ರಂದು ಲೋಪೆಜ್ ಎಸೆದು, ರಾಯ್ಸ್ ಲೂಯಿಸ್ ಎರಡು ಹೋಮ್ ರನ್ ಹೊಡೆದು ಟೊರೊಂಟೊ ವಿರುದ್ಧ 3-1 ಗೆಲುವು. ಮರುದಿನ ಸನ್ನಿ ಗ್ರೇ ಎಸೆದ ಪಂದ್ಯ 2-0. ಎರಡು ಪಂದ್ಯಗಳಿಂದ ಐದೇ ರನ್. ಬ್ಯಾಟುಗಳು ಹಳೆಯ ಹಾಗೆಯೇ ಇದ್ದವು. ಒಂದೇ ರನ್ ಬಿಟ್ಟುಕೊಟ್ಟದ್ದರಿಂದ ಅಷ್ಟೇ ಸಾಕಾಯಿತು. ಪಿಚರ್ ಬೇಕು ಎಂಬ ಹಳೆಯ ಕೂಗು ಇಲ್ಲಿ ಗೆದ್ದಿತು, ಅದೂ ಆ ಕೂಗು ಹಾಕಿದವರೇ ವಿರೋಧಿಸಿದ ಟ್ರೇಡ್‌ನಿಂದ.

ಮುಂದಿನ ಚಳಿಗಾಲದಲ್ಲಿ ಟಿವಿ ಪ್ರಸಾರದ ಆದಾಯ ಅನಿಶ್ಚಿತವಾಯಿತೆಂದು ತಂಡ ಸಂಬಳದ ಬಾಬ್ತಿನಲ್ಲಿ ಸುಮಾರು ಮೂರು ಕೋಟಿ ಡಾಲರ್ ಕಡಿತ ಮಾಡಿತು. ಸೈ ಯಂಗ್ ಮತದಾನದಲ್ಲಿ ಎರಡನೆಯವನಾಗಿದ್ದ ಗ್ರೇ ಮೂರು ವರ್ಷಕ್ಕೆ 7.5 ಕೋಟಿ ಡಾಲರ್ ಕರಾರಿನ ಮೇಲೆ ಸೇಂಟ್ ಲೂಯಿಗೆ ಹೋದ. ಕೆಂಟಾ ಮಯೆಡಾ ಡೆಟ್ರಾಯಿಟ್‌ಗೆ ಹೋದ. ಅಲ್ಲಿ ಆತ ಚೆನ್ನಾಗಿ ಎಸೆಯಲಿಲ್ಲ, ಹಾಗಾಗಿ ಆ ನಷ್ಟವನ್ನು ದೊಡ್ಡದು ಮಾಡಬೇಕಿಲ್ಲ. 2024ರ ಆಗಸ್ಟ್ 17ರಂದು ಟ್ವಿನ್ಸ್ 70 ಗೆದ್ದು 53 ಸೋತಿತ್ತು. ಆ ತಿಂಗಳು ಜೋ ರಯನ್ ಗಾಯಗೊಂಡ ಮೇಲೆ ಪಂದ್ಯ ಆರಂಭಿಸುವ ಐವರಲ್ಲಿ ಮೂವರು ಹೊಸಬರು: ವುಡ್ಸ್ ರಿಚರ್ಡ್‌ಸನ್, ಫೆಸ್ಟಾ, ಮ್ಯಾಥ್ಯೂಸ್. ಉಳಿದ 39 ಪಂದ್ಯಗಳಲ್ಲಿ ತಂಡ 12 ಗೆದ್ದಿತು, 27 ಸೋತಿತು, ಪ್ಲೇಆಫ್ ತಲುಪಲಿಲ್ಲ. ಜಿಪುಣತನದ ದೂರಿಗೆ ಅಭಿಮಾನಿಗಳು ಮುಂದಿಡಬೇಕಾದ ಸಾಕ್ಷ್ಯ ಈ 27 ಸೋಲುಗಳು, ಆ ಹದಿನೆಂಟಲ್ಲ.